ಅಪ್‌ಡೇಟ್ ಸರ್ವರ್‌ನ 503: ಪೂಲ್ ಸ್ಟಾರ್ಟ್ ಮಾಡಿದರೆ ಮುಗಿಯುವುದಿಲ್ಲ

ಮೈಕ್ರೋಸಾಫ್ಟ್ ತನ್ನ ಭದ್ರತಾ ಅಪ್‌ಡೇಟ್‌ಗಳನ್ನು ಬಿಡುಗಡೆ ಮಾಡುವುದು ಪ್ರತಿ ತಿಂಗಳ ಎರಡನೇ ಮಂಗಳವಾರ, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಗಿನ 10 ಗಂಟೆಗೆ. ನಮ್ಮಲ್ಲಿ ಆಗ ರಾತ್ರಿ 10.30; ಅವರ ಚಳಿಗಾಲದ ತಿಂಗಳುಗಳಲ್ಲಾದರೆ 11.30. ಹಾಗಾಗಿ ಕರ್ನಾಟಕದ ಕಚೇರಿ, ಕಾಲೇಜು ಲ್ಯಾಬ್, ಸಹಕಾರಿ ಬ್ಯಾಂಕು, ಕಾರ್ಖಾನೆಗಳ ಕಂಪ್ಯೂಟರ್‌ಗಳು ಹೊಸ ಅಪ್‌ಡೇಟ್ ಬಂದಿದೆಯೇ ಎಂದು ಕೇಳಲು ಶುರುಮಾಡುವುದು ಬುಧವಾರ ಬೆಳಿಗ್ಗೆ, ಅದೂ ಬಹುಪಾಲು ಒಂದೇ ಹೊತ್ತಿಗೆ. ಸಂಸ್ಥೆಯ ಒಳಗಿನ ಅಪ್‌ಡೇಟ್ ಸರ್ವರ್ ಕೈಕೊಡುವುದೂ ಹೆಚ್ಚಾಗಿ ಆಗಲೇ. ವಿಂಡೋಸ್ ಸರ್ವರ್ ಅಪ್‌ಡೇಟ್ ಸರ್ವೀಸಸ್, ಅಡ್ಮಿನ್‌ಗಳ ಬಾಯಲ್ಲಿ ಡಬ್ಲ್ಯುಸಸ್, ಎಂಬ ಈ ಸರ್ವರ್‌ನ ಕನ್ಸೋಲ್ ತೆರೆಯುವುದಿಲ್ಲ; ಬ್ರೌಸರ್‌ನಲ್ಲಿ ವಿಳಾಸ ಕೊಟ್ಟರೆ ‘503 ಸರ್ವೀಸ್ ಅನ್‌ಅವೈಲಬಲ್’ ಎಂಬ ಒಂದೇ ಸಾಲು; ಕಂಪ್ಯೂಟರ್‌ಗಳಲ್ಲಿ 80244022 ಎಂದು ಮುಗಿಯುವ ಎರರ್ ಕೋಡ್. ಐಐಎಸ್ ಮ್ಯಾನೇಜರ್ ತೆರೆದು ನೋಡಿದರೆ ‘ಡಬ್ಲ್ಯುಸಸ್‌ಪೂಲ್’ ಎಂಬ ಅಪ್ಲಿಕೇಶನ್ ಪೂಲ್ ನಿಂತಿರುತ್ತದೆ. ರೈಟ್ ಕ್ಲಿಕ್, ಸ್ಟಾರ್ಟ್. ಎಲ್ಲ ಸರಿಹೋಯಿತು ಎನ್ನಿಸುತ್ತದೆ. ಅರ್ಧ ಗಂಟೆಯೊಳಗೆ, ಇಲ್ಲವೇ ಮುಂದಿನ ತಿಂಗಳ ಅದೇ ಬುಧವಾರ, ಪೂಲ್ ಮತ್ತೆ ನಿಂತಿರುತ್ತದೆ. ಈ ಲೇಖನದ ವಾದ ಇಷ್ಟು: ಪೂಲ್ ನಿಲ್ಲುವುದು ರೋಗವಲ್ಲ, ಲಕ್ಷಣ. ಮೆಮೊರಿ ಮಿತಿ ಏರಿಸುವುದು ಬೇಕಾದ ಕೆಲಸವೇ, ಆದರೆ ಅದು ಕೊಡುವುದು ಕಾಲಾವಕಾಶವನ್ನು ಮಾತ್ರ. ಚಿಕಿತ್ಸೆ ಆಗಬೇಕಾದದ್ದು ವರ್ಷಗಟ್ಟಲೆ ಯಾರೂ ಮುಟ್ಟದೆ ಬೆಳೆದ ಅಪ್‌ಡೇಟ್‌ಗಳ ಪಟ್ಟಿಗೆ.

ಮೊದಲು 503 ಎಂಬ ಸಂಖ್ಯೆ ನಮಗೆ ಏನು ತಿಳಿಸುತ್ತಿದೆ ಎಂಬುದನ್ನು ನೋಡಬೇಕು, ಏಕೆಂದರೆ ಅನೇಕರು ಇಲ್ಲೇ ದಾರಿ ತಪ್ಪಿ ಫೈರ್‌ವಾಲ್, ಡಿಎನ್‌ಎಸ್, ಕೇಬಲ್ ಎಂದು ಅರ್ಧ ದಿನ ಕಳೆಯುತ್ತಾರೆ. ಸರ್ವರ್ ಹೆಸರು ಸಿಗದಿದ್ದರೆ, ಪೋರ್ಟ್ ಮುಚ್ಚಿದ್ದರೆ 503 ಬರುವುದಿಲ್ಲ. ಆಗ ಬರುವ ಕೋಡ್‌ಗಳೇ ಬೇರೆ. ಅನುಮತಿಯ ತೊಂದರೆಯಾದರೆ 80244017 ಅಥವಾ 80244018, ವಿಳಾಸದಲ್ಲಿ ಫೈಲ್ ಇಲ್ಲದಿದ್ದರೆ 80244019. ಇವು ಕ್ರಮವಾಗಿ ವೆಬ್‌ನ 401, 403, 404 ಉತ್ತರಗಳೇ. 503 ಬಂದಿದೆ ಎಂದರೆ ಕಂಪ್ಯೂಟರ್ ಕೇಳಿದ ಪ್ರಶ್ನೆ 8530ನೇ ಪೋರ್ಟಿಗೆ, ಎಚ್‌ಟಿಟಿಪಿಎಸ್ ಇಟ್ಟುಕೊಂಡಿದ್ದರೆ 8531ಕ್ಕೆ, ತಲುಪಿದೆ. ಅಲ್ಲಿ ವಿಂಡೋಸ್‌ನ ಕರ್ನೆಲ್ ಮಟ್ಟದ ಎಚ್‌ಟಿಟಿಪಿ ಡ್ರೈವರ್ ಅದನ್ನು ತೆಗೆದುಕೊಂಡಿದೆ. ಮುಂದಕ್ಕೆ ಒಪ್ಪಿಸಲು ಕೆಲಸ ಮಾಡುವ ಪ್ರೋಸೆಸ್ ಸಿಗದೆ ಹಿಂದಿರುಗಿಸಿದೆ. ಅಂದರೆ ನೆಟ್‌ವರ್ಕ್ ಸರಿಯಿದೆ. ಇದಕ್ಕೆ ಒಂದೇ ಅಪವಾದ ಮಧ್ಯದಲ್ಲಿರುವ ಪ್ರಾಕ್ಸಿ. ಒಳಗಿನ ಸರ್ವರ್‌ಗೆ ಹೋಗುವ ಕೋರಿಕೆಯೂ ಪ್ರಾಕ್ಸಿ ಮೂಲಕ ಸುತ್ತಿ ಬರುವಂತೆ ಕೆಲವು ಕಡೆ ಸೆಟ್ಟಿಂಗ್ ಇರುತ್ತದೆ, ಆಗ ಪ್ರಾಕ್ಸಿಯೇ 503 ಕೊಡಬಹುದು. ಸರ್ವರ್ ಮೇಲೆಯೇ ಕುಳಿತು ಬ್ರೌಸರ್‌ನಲ್ಲಿ ಕ್ಲೈಂಟ್ ವೆಬ್ ಸರ್ವೀಸ್‌ನ ಪುಟ ತೆರೆದರೆ ಈ ಅನುಮಾನ ಒಂದು ನಿಮಿಷದಲ್ಲಿ ಬಗೆಹರಿಯುತ್ತದೆ: ಅಲ್ಲಿಯೂ 503 ಬಂದರೆ ಪ್ರಾಕ್ಸಿಯನ್ನು ಬಿಟ್ಟುಬಿಡಿ.

ಪೂಲ್ ಏಕೆ ನಿಲ್ಲುತ್ತದೆ ಎಂಬುದರ ಒಳಗುಟ್ಟು ಸ್ವಲ್ಪ ವಿವರವಾಗಿ ತಿಳಿಯಬೇಕಾದದ್ದು. ಪ್ರತಿ ಕಂಪ್ಯೂಟರ್ ಸ್ಕ್ಯಾನ್‌ಗೆ ಬಂದಾಗ, ತನಗೆ ಯಾವ ಅಪ್‌ಡೇಟ್ ಅನ್ವಯಿಸುತ್ತದೆ ಎಂದು ಲೆಕ್ಕಹಾಕಲು ಬೇಕಾದ ವಿವರಗಳನ್ನು, ಅಂದರೆ ಮೆಟಾಡೇಟಾವನ್ನು, ಸರ್ವರ್‌ನಿಂದ ಕೇಳುತ್ತದೆ. ಇದು ಅಪ್‌ಡೇಟ್ ಫೈಲ್ ಅಲ್ಲ, ಅದರ ಬಗೆಗಿನ ಎಕ್ಸ್‌ಎಂಎಲ್ ವಿವರಣೆ. ಸರ್ವರ್ ಇದನ್ನು ಸಸ್‌ಡಿಬಿ ಎಂಬ ಡೇಟಾಬೇಸ್‌ನಿಂದ ತೆಗೆದು, ಐಐಎಸ್‌ನ ವರ್ಕರ್ ಪ್ರೋಸೆಸ್‌ನ ಮೆಮೊರಿಯಲ್ಲಿ ಸಂಗ್ರಹಿಸಿಟ್ಟುಕೊಂಡು ಹಂಚುತ್ತದೆ. ಡಬ್ಲ್ಯುಸಸ್‌ಪೂಲ್‌ಗೆ ಹುಟ್ಟಿನಿಂದ ಬರುವ ಪ್ರೈವೇಟ್ ಮೆಮೊರಿ ಮಿತಿ 18,43,200 ಕಿಲೋಬೈಟ್, ಸುಮಾರು 1.8 ಗಿಗಾಬೈಟ್. ಪಟ್ಟಿ ದೊಡ್ಡದಾಗಿದ್ದರೆ ಈ ಮಿತಿ ಮುಟ್ಟುವುದು ಸುಲಭ. ಮುಟ್ಟಿದ ಕೂಡಲೇ ಐಐಎಸ್ ಆ ಪ್ರೋಸೆಸನ್ನು ರೀಸೈಕಲ್ ಮಾಡುತ್ತದೆ: ಹಳೆಯದನ್ನು ಮುಚ್ಚಿ ಹೊಸದನ್ನು ಎಬ್ಬಿಸುತ್ತದೆ. ಹೊಸ ಪ್ರೋಸೆಸ್‌ನ ಕೈ ಖಾಲಿ. ಕಷ್ಟಪಟ್ಟು ಕೂಡಿಹಾಕಿದ್ದ ಸಂಗ್ರಹವೆಲ್ಲ ಹಳೆಯದರ ಜೊತೆಗೇ ಹೋಗಿರುತ್ತದೆ. ಅಷ್ಟರಲ್ಲಿ ಉತ್ತರ ಸಿಗದ ಕಂಪ್ಯೂಟರ್‌ಗಳು ಮತ್ತೆ ಕೇಳುತ್ತವೆ, ಹೊಸದಾಗಿ ಬಂದವೂ ಕೇಳುತ್ತವೆ, ಡೇಟಾಬೇಸ್ ಅದೇ ಭಾರವಾದ ಲೆಕ್ಕವನ್ನು ಮೊದಲಿನಿಂದ ಮಾಡುತ್ತದೆ, ಮೆಮೊರಿ ಮತ್ತೆ ಮಿತಿ ಮುಟ್ಟುತ್ತದೆ. ಈ ಸುತ್ತು ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದು ಕಷ್ಟ. ರೀಸೈಕಲ್ ಆಗುವುದನ್ನು ಐಐಎಸ್ ವೈಫಲ್ಯ ಎಂದು ಎಣಿಸುವುದಿಲ್ಲ. ಆದರೆ ಈ ಒತ್ತಡದಲ್ಲಿ ಪ್ರೋಸೆಸ್ ಕುಸಿದರೆ, ಇಲ್ಲವೇ ‘ಬದುಕಿದ್ದೀಯಾ’ ಎಂದು ವಿಚಾರಿಸುವ ಪಿಂಗ್‌ಗೆ ಸಮಯದೊಳಗೆ ಉತ್ತರಿಸದಿದ್ದರೆ, ಅದು ಲೆಕ್ಕಕ್ಕೆ ಬರುತ್ತದೆ. 5 ನಿಮಿಷದಲ್ಲಿ 5 ವೈಫಲ್ಯಗಳಾದರೆ ರ‍್ಯಾಪಿಡ್ ಫೇಲ್ ಪ್ರೊಟೆಕ್ಷನ್ ಪೂಲನ್ನೇ ನಿಲ್ಲಿಸುತ್ತದೆ. ಆ ಕ್ಷಣದಿಂದ ಬಂದವರಿಗೆಲ್ಲ 503.

ಸ್ಟಾರ್ಟ್ ಒತ್ತುವ ಮೊದಲು ಸಾಕ್ಷ್ಯವನ್ನು ಓದಿ ಎಂದು ಒತ್ತಾಯಿಸಲು ಕಾರಣವಿದೆ: ಎಲ್ಲ 503ಗಳೂ ಈ ದಾರಿಯಿಂದ ಬಂದವಲ್ಲ. ಐಐಎಸ್‌ನ ಮಾಮೂಲಿ ಲಾಗ್‌ನಲ್ಲಿ ಹುಡುಕಿ ಏನೂ ಕಾಣದೆ ಕೈಚೆಲ್ಲುವವರಿದ್ದಾರೆ. ಕೋರಿಕೆ ಐಐಎಸ್‌ನ ಪ್ರೋಸೆಸ್‌ವರೆಗೆ ಹೋಗಿಯೇ ಇಲ್ಲವಾದ್ದರಿಂದ ಅದು ಅಲ್ಲಿ ದಾಖಲಾಗುವುದಿಲ್ಲ. ನೋಡಬೇಕಾದದ್ದು ವಿಂಡೋಸ್ ಫೋಲ್ಡರ್‌ನ ಸಿಸ್ಟಮ್32, ಅದರೊಳಗಿನ ಲಾಗ್‌ಫೈಲ್ಸ್, ಅದರೊಳಗಿನ ಎಚ್‌ಟಿಟಿಪಿಇಆರ್‌ಆರ್. ಅಲ್ಲಿ ಪ್ರತಿ 503ರ ಪಕ್ಕ ಒಂದು ಕಾರಣಪದ ಇರುತ್ತದೆ, ಮುಂದಿನ ದಾರಿಯನ್ನು ಹೇಳುವುದು ಆ ಪದವೇ. ‘ಆ್ಯಪ್‌ಆಫ್‌ಲೈನ್’ ಎಂದಿದ್ದರೆ ಮೇಲೆ ಹೇಳಿದಂತೆ ವೈಫಲ್ಯಗಳ ಸರಣಿಯಿಂದ ಪೂಲ್ ನಿಂತಿದೆ. ‘ಡಿಸೇಬಲ್ಡ್’ ಎಂದಿದ್ದರೆ ಯಾರೋ ಕೈಯಾರೆ ನಿಲ್ಲಿಸಿದ್ದಾರೆ. ಯಂತ್ರವನ್ನು ದೂರುವ ಮೊದಲು ಸಹೋದ್ಯೋಗಿಗಳನ್ನು ಕೇಳಿ. ‘ಕ್ಯೂಫುಲ್’ ಎಂದಿದ್ದರೆ ಪೂಲ್ ಓಡುತ್ತಲೇ ಇದೆ, ಆದರೆ ಕಾಯುವವರ ಸಾಲು ಮೂಲ ಮಿತಿಯಾದ 1000ವನ್ನು ದಾಟಿ, ಉಳಿದವರನ್ನು ಬಾಗಿಲಲ್ಲೇ ಹಿಂದಕ್ಕೆ ಕಳಿಸಲಾಗುತ್ತಿದೆ. ಇದೇ ಅತಿ ಹೆಚ್ಚು ಗೊಂದಲ ಮಾಡುವ ಸ್ಥಿತಿ, ಏಕೆಂದರೆ ಐಐಎಸ್ ಮ್ಯಾನೇಜರ್‌ನಲ್ಲಿ ಪೂಲ್ ‘ಸ್ಟಾರ್ಟೆಡ್’ ಎಂದೇ ತೋರುತ್ತದೆ, ಕೆಲವು ಕಂಪ್ಯೂಟರ್‌ಗಳಿಗೆ ಅಪ್‌ಡೇಟ್ ಸಿಗುತ್ತಲೂ ಇರುತ್ತದೆ.

ಎಚ್‌ಟಿಟಿಪಿಇಆರ್‌ಆರ್ ಜೊತೆಗೆ ಇವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್ ಇಟ್ಟುಕೊಂಡು ಓದಿ. ಪ್ರೈವೇಟ್ ಮೆಮೊರಿ ಮಿತಿ ಮುಟ್ಟಿ ರೀಸೈಕಲ್ ಕೋರಿದ್ದರೆ 5117, ಪಿಂಗ್‌ಗೆ ಉತ್ತರ ಬಾರದಿದ್ದರೆ 5010, ವೈಫಲ್ಯಗಳ ಸರಣಿಯಿಂದ ಪೂಲ್ ನಿಂತಿದ್ದರೆ 5002. ಈ ಮೂರು ಸಂಖ್ಯೆಗಳು ಹತ್ತಿರ ಹತ್ತಿರ ಕಂಡರೆ ಈ ಲೇಖನದ ಉಳಿದ ಭಾಗ ನಿಮಗಾಗಿಯೇ. 5021 ಅಥವಾ 5057 ಕಂಡರೆ ವಿಷಯವೇ ಬೇರೆ: ಪೂಲ್ ಓಡಬೇಕಾದ ಖಾತೆಯ ಗುರುತು ಸರಿಯಿಲ್ಲ. ಡಬ್ಲ್ಯುಸಸ್‌ಪೂಲ್ ಸಾಮಾನ್ಯವಾಗಿ ಓಡುವುದು ನೆಟ್‌ವರ್ಕ್ ಸರ್ವೀಸ್ ಖಾತೆಯಲ್ಲಿ. ಯಾರಾದರೂ ಅದನ್ನು ಬದಲಿಸಿದ್ದರೆ, ಬದಲಿಸಿದ ಖಾತೆಯ ಪಾಸ್‌ವರ್ಡ್ ಅವಧಿ ಮುಗಿದಿದ್ದರೆ, ಗ್ರೂಪ್ ಪಾಲಿಸಿಯಿಂದ ಅದರ ಹಕ್ಕುಗಳು ಹೋಗಿದ್ದರೆ, ನೀವು ಎಷ್ಟು ಮೆಮೊರಿ ಕೊಟ್ಟರೂ ಪೂಲ್ ಏಳುವುದಿಲ್ಲ. ಇನ್ನೊಂದು ವಿಚಿತ್ರ ಸಂದರ್ಭವೂ ಇದೆ: ಅದೇ ಸರ್ವರ್‌ನಲ್ಲಿ 32 ಬಿಟ್‌ನ ಬೇರೆ ವೆಬ್ ಅಪ್ಲಿಕೇಶನ್ ಇದ್ದು ಅದು 503 ಕೊಡುತ್ತಿದ್ದರೆ, ಡಬ್ಲ್ಯುಸಸ್ ಇಡೀ ಐಐಎಸ್‌ಗೆ ಸೇರಿಸುವ ‘ಎಕ್ಸ್‌ಪ್ರೆಸ್’ ಎಂಬ ಕಂಪ್ರೆಶನ್‌ನ ಡಿಎಲ್‌ಎಲ್ 64 ಬಿಟ್‌ನದ್ದಾಗಿರುವುದೇ ಕಾರಣವಾಗಿರಬಹುದು. ಆಗ ಅಪ್ಲಿಕೇಶನ್ ಲಾಗ್‌ನಲ್ಲಿ ಸಸ್‌ಕಾಂಪ್ ಎಂಬ ಹೆಸರು ಕಾಣುತ್ತದೆ, ಆ ಕಂಪ್ರೆಶನ್ ನಮೂದನ್ನು ತೆಗೆದರೆ ಪರಿಹಾರ. ಹೀಗೆ ಒಂದೇ ಸಂಖ್ಯೆಯ ಹಿಂದೆ ನಾಲ್ಕಾರು ಕಾರಣಗಳಿರುವಾಗ, ಮೊದಲು ಕೈಗೆ ಸಿಕ್ಕ ಪರಿಹಾರವನ್ನು ಪ್ರಯೋಗಿಸುವುದು ಕುರುಡು ಕೆಲಸ.

ಕಾರಣ ಮೆಮೊರಿಯೇ ಎಂದು ಖಚಿತವಾದ ಮೇಲೆ ತಕ್ಷಣದ ಆರೈಕೆ. ಪೂಲ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಮೈಕ್ರೋಸಾಫ್ಟ್ ಶಿಫಾರಸು ಮಾಡುವ ಬದಲಾವಣೆಗಳು ಐದು, ಪ್ರತಿಯೊಂದಕ್ಕೂ ಮೇಲಿನ ವಿವರಣೆಯಲ್ಲೇ ಕಾರಣ ಸಿಗುತ್ತದೆ. ಕ್ಯೂ ಲೆಂತ್ 1000ದಿಂದ 2000ಕ್ಕೆ. ಸಾಲಿನಲ್ಲಿ ನಿಲ್ಲಲು ಜಾಗ ಹೆಚ್ಚುತ್ತದೆ. ಐಡಲ್ ಟೈಮ್‌ಔಟ್ 20 ನಿಮಿಷದಿಂದ 0ಗೆ. ಯಾರೂ ಕೇಳದ ಹೊತ್ತಿನಲ್ಲಿ ಪ್ರೋಸೆಸ್ ಮಲಗಿ ತನ್ನ ಸಂಗ್ರಹವನ್ನು ಕಳೆದುಕೊಳ್ಳುವುದಿಲ್ಲ. ಪಿಂಗ್ ಎನೇಬಲ್ಡ್ ಎಂಬುದು ಫಾಲ್ಸ್. ಲೆಕ್ಕದಲ್ಲಿ ಮುಳುಗಿರುವ ಪ್ರೋಸೆಸನ್ನು ಸತ್ತಿದೆ ಎಂದು ಭಾವಿಸಿ ಕೊಲ್ಲುವುದು ತಪ್ಪುತ್ತದೆ. ರೆಗ್ಯುಲರ್ ಟೈಮ್ ಇಂಟರ್‌ವಲ್ 1740 ನಿಮಿಷದಿಂದ 0ಗೆ. 29 ಗಂಟೆಗೊಮ್ಮೆ ಆಗುವ ಕಡ್ಡಾಯ ರೀಸೈಕಲ್ ನಿಲ್ಲುತ್ತದೆ. ಕೊನೆಯದಾಗಿ ಪ್ರೈವೇಟ್ ಮೆಮೊರಿ ಲಿಮಿಟ್ 0, ಅಂದರೆ ಮಿತಿಯೇ ಇಲ್ಲ. ಈ ಐದನೆಯದರ ಬಗ್ಗೆ ಮುಂದೆ ಸ್ವಲ್ಪ ಹೇಳುವುದಿದೆ. ಸೆಟ್ಟಿಂಗ್ ಬದಲಿಸಿ ಪೂಲ್ ಎಬ್ಬಿಸಿದ ತಕ್ಷಣ ಇಡೀ ಸಂಸ್ಥೆಯ ಕಂಪ್ಯೂಟರ್‌ಗಳು ಒಮ್ಮೆಲೇ ಮುಗಿಬೀಳದಂತೆ ನೋಡಿಕೊಳ್ಳುವುದು ಅಷ್ಟೇ ಮುಖ್ಯ. ಸರ್ವರ್‌ನ ಫೈರ್‌ವಾಲ್‌ನಲ್ಲಿ 8530ನ್ನು ಒಂದೆರಡು ಸಬ್‌ನೆಟ್‌ಗಳಿಗೆ ಮಾತ್ರ ತೆರೆದು, ಅವುಗಳ ಸ್ಕ್ಯಾನ್ ಮುಗಿದು ಸಂಗ್ರಹ ತುಂಬಿದ ಮೇಲೆ ಉಳಿದವುಗಳನ್ನು ಸರದಿಯಲ್ಲಿ ಬಿಡಿ. 2017ರಲ್ಲಿ ವಿಂಡೋಸ್ 10ರ 1607 ಆವೃತ್ತಿಯ ಅಪ್‌ಡೇಟ್‌ಗಳ ಮೆಟಾಡೇಟಾ ಬಹಳ ದೊಡ್ಡದಾಗಿ, ಎರಡನೇ ಮಂಗಳವಾರದ ನಂತರ ಇಂಥ ಸರ್ವರ್‌ಗಳು ಸಿಪಿಯು, ಮೆಮೊರಿ ಎರಡರಲ್ಲೂ ಉಸಿರುಗಟ್ಟುತ್ತಿದ್ದಾಗ ಮೈಕ್ರೋಸಾಫ್ಟ್ ಸೂಚಿಸಿದ್ದೂ ಇದೇ ಬಗೆಯ ಕ್ರಮವನ್ನು: ಒತ್ತಡ ತಗ್ಗಿಸಿ, ಸಂಗ್ರಹ ತುಂಬಲು ಬಿಡಿ, ಆಮೇಲೆ ಬಾಗಿಲು ತೆರೆಯಿರಿ.

ಇದೇ ಹೊತ್ತಿನಲ್ಲಿ ಮಾಡಬಾರದ ಒಂದು ಕೆಲಸವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅದು ಅತ್ಯಂತ ಜನಪ್ರಿಯ. ಕಂಪ್ಯೂಟರ್‌ನಲ್ಲಿ ಅಪ್‌ಡೇಟ್ ತೊಂದರೆ ಬಂತೆಂದರೆ ವಿಂಡೋಸ್ ಅಪ್‌ಡೇಟ್ ಸರ್ವೀಸ್ ನಿಲ್ಲಿಸಿ, ‘ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಶನ್’ ಫೋಲ್ಡರ್ ಅಳಿಸಿ, ಮತ್ತೆ ಸ್ಟಾರ್ಟ್ ಮಾಡುವುದು ರೂಢಿ. ಒಂದು ಕಂಪ್ಯೂಟರ್‌ನ ಫೋಲ್ಡರ್ ಕೆಟ್ಟಿದ್ದರೆ ಈ ಮದ್ದು ಸರಿಯೇ. ಆದರೆ ಆ ಫೋಲ್ಡರ್‌ನಲ್ಲಿ ಇರುವುದು ಆ ಕಂಪ್ಯೂಟರ್ ಈಗಾಗಲೇ ಪಡೆದ ಮೆಟಾಡೇಟಾ. ಅದಿದ್ದರೆ ಮುಂದಿನ ಸ್ಕ್ಯಾನ್‌ನಲ್ಲಿ ಹೊಸದನ್ನು ಮಾತ್ರ ಕೇಳುತ್ತದೆ. ಅಳಿಸಿದರೆ ಮೊದಲಿನಿಂದ ಎಲ್ಲವನ್ನೂ ಕೇಳುತ್ತದೆ. ಸರ್ವರ್ 503 ಕೊಡುತ್ತಿರುವಾಗ ಸ್ಕ್ರಿಪ್ಟ್ ಬರೆದು ನೂರು ಕಂಪ್ಯೂಟರ್‌ಗಳಲ್ಲಿ ಆ ಫೋಲ್ಡರ್ ಅಳಿಸುವುದೆಂದರೆ, ಬಳಲಿದ ಸರ್ವರ್ ಮೇಲೆ ನೂರು ಪೂರ್ಣ ಸ್ಕ್ಯಾನ್‌ಗಳ ಭಾರ ಹೊರಿಸಿದಂತೆ. 80244022 ಎಂಬುದು ಸರ್ವರ್ ಕೊಟ್ಟ ಉತ್ತರ. ಅದಕ್ಕೆ ಕಂಪ್ಯೂಟರ್ ಬದಿಯಲ್ಲಿ ಪರಿಹಾರ ಹುಡುಕಬೇಡಿ.

ಈಗ ಐದನೇ ಸೆಟ್ಟಿಂಗ್. ಮೆಮೊರಿ ಮಿತಿಯನ್ನು ತೆಗೆದುಹಾಕಿದರೆ ಪೂಲ್ ನಿಲ್ಲುವುದಿಲ್ಲ, ರ‍್ಯಾಮ್ ಅಗ್ಗವಾಗಿದೆ, ಮತ್ತೇಕೆ ಪಟ್ಟಿ ತೊಳೆಯುವ ರಗಳೆ ಎಂದು ಕೇಳುವವರಿದ್ದಾರೆ. ಮೈಕ್ರೋಸಾಫ್ಟ್‌ನ ಶಿಫಾರಸೇ 0 ಆಗಿರುವಾಗ ಈ ಪ್ರಶ್ನೆ ನ್ಯಾಯವಾದದ್ದು. ಸರ್ವರ್‌ನಲ್ಲಿ ಧಾರಾಳವಾಗಿ ರ‍್ಯಾಮ್ ಇದ್ದು, ಅದು ಈ ಒಂದು ಕೆಲಸಕ್ಕೇ ಮೀಸಲಾಗಿದ್ದರೆ 0 ಇಡಿ, ಅಡ್ಡಿಯಿಲ್ಲ. ಆದರೆ ನಮ್ಮಲ್ಲಿ ಸಣ್ಣ ಮತ್ತು ಮಧ್ಯಮ ಸಂಸ್ಥೆಗಳ ಡಬ್ಲ್ಯುಸಸ್ ಅನೇಕ ಸಲ ಓಡುವುದು 8 ಗಿಗಾಬೈಟ್ ಕೊಟ್ಟ ವರ್ಚುವಲ್ ಮಷೀನ್‌ನಲ್ಲಿ, ಡೇಟಾಬೇಸ್ ಕೂಡ ಅದೇ ಯಂತ್ರದೊಳಗೆ. ವಿಂಡೋಸ್ ಇಂಟರ್ನಲ್ ಡೇಟಾಬೇಸ್ ಎಂಬ ಆ ಒಳಗಿನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್‌ನ ಎಂಜಿನ್ ಮೇಲೆಯೇ ಕಟ್ಟಿದ್ದು. ಸಿಕ್ಕ ಮೆಮೊರಿಯನ್ನು ಬಳಸಿಕೊಳ್ಳುವುದು ಅದರ ಸ್ವಭಾವ. ವೆಬ್ ಪ್ರೋಸೆಸ್‌ಗೆ ಮಿತಿ ತೆಗೆದರೆ ಇಬ್ಬರೂ ಒಂದೇ ರ‍್ಯಾಮ್‌ಗೆ ಪೈಪೋಟಿ ನಡೆಸಿ, ವಿಂಡೋಸ್ ಡಿಸ್ಕ್ ಮೇಲಿನ ಪೇಜ್ ಫೈಲ್‌ಗೆ ಇಳಿಯುತ್ತದೆ. ಆಗ 503 ಹೋಗಿ ಅದರ ಜಾಗದಲ್ಲಿ ಟೈಮ್‌ಔಟ್ ಬರುತ್ತದೆ, 8024401 ಎಂದು ಶುರುವಾಗುವ ಬೇರೆ ಕೋಡ್‌ಗಳು ಬರುತ್ತವೆ. ಇಂಥ ಯಂತ್ರದಲ್ಲಿ 4 ಗಿಗಾಬೈಟ್, ಅಂದರೆ 41,94,304 ಎಂದು ಮಿತಿ ಇಟ್ಟು, ಯಂತ್ರಕ್ಕೇ ರ‍್ಯಾಮ್ ಹೆಚ್ಚಿಸಿ, ಡೇಟಾಬೇಸ್‌ಗೂ ಗರಿಷ್ಠ ಮಿತಿ ಗೊತ್ತುಮಾಡುವುದು ಹೆಚ್ಚು ಸುರಕ್ಷಿತ. ರ‍್ಯಾಪಿಡ್ ಫೇಲ್ ಪ್ರೊಟೆಕ್ಷನ್ ಅನ್ನೇ ಆರಿಸಿಬಿಡಿ ಎಂಬ ಸಲಹೆಯನ್ನಂತೂ ಒಪ್ಪಲು ಆಗದು. ಫ್ಯೂಸ್ ಹೋದಾಗಲೆಲ್ಲ ದಪ್ಪ ತಂತಿ ಸುತ್ತುವ ಅಭ್ಯಾಸ ಅದು. ಎಲ್ಲಕ್ಕಿಂತ ಗಟ್ಟಿಯಾದ ಉತ್ತರ ಮಾತ್ರ ಬೇರೆಯದು: ಪ್ರತಿ ತಿಂಗಳೂ ಹೊಸ ಅಪ್‌ಡೇಟ್‌ಗಳು ಪಟ್ಟಿಗೆ ಸೇರುತ್ತಲೇ ಇರುವಾಗ, ಏನನ್ನೂ ಕಳೆಯದಿದ್ದರೆ ಇಂದಿನ ಯಾವ ಮಿತಿಯೂ ನಾಳೆಗೆ ಸಾಲುವುದಿಲ್ಲ.

ಪಟ್ಟಿ ಹೇಗೆ ಬೆಳೆಯುತ್ತದೆ ನೋಡಿ. 2015ರಲ್ಲಿ ವಿಂಡೋಸ್ 10 ಬಂದಾಗಿನಿಂದ ಅಪ್‌ಡೇಟ್‌ಗಳು ಸಂಚಿತ ರೂಪದವು. ವಿಂಡೋಸ್ 7 ಮತ್ತು 8.1ಕ್ಕೂ 2016ರ ಅಕ್ಟೋಬರ್‌ನಿಂದ ತಿಂಗಳ ರೋಲಪ್ ಪದ್ಧತಿ ಬಂತು. ಅಂದರೆ ಈ ತಿಂಗಳ ಅಪ್‌ಡೇಟ್ ಕಳೆದ ತಿಂಗಳದ್ದನ್ನು ತನ್ನೊಳಗೇ ಹೊತ್ತು ತಂದು ಅದನ್ನು ನಿರುಪಯೋಗಿ ಮಾಡುತ್ತದೆ; ಅಡ್ಮಿನ್ ಭಾಷೆಯಲ್ಲಿ ಹಳೆಯದು ‘ಸೂಪರ್‌ಸೀಡ್’ ಆಗುತ್ತದೆ. ಡಬ್ಲ್ಯುಸಸ್ ಮಾತ್ರ ಹಳೆಯದನ್ನು ತಾನಾಗಿ ಕೈಬಿಡುವುದಿಲ್ಲ. ಇಲ್ಲೊಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ: ಅಪ್ರೂವ್ ಮಾಡದ ಅಪ್‌ಡೇಟ್‌ನಿಂದ ಭಾರವಿಲ್ಲ ಎಂಬುದು. ‘ನಾಟ್ ಅಪ್ರೂವ್ಡ್’ ಎಂದಿರುವ ಅಪ್‌ಡೇಟ್ ಇನ್‌ಸ್ಟಾಲ್ ಆಗುವುದಿಲ್ಲ ನಿಜ. ಆದರೆ ಅದು ಬೇಕೇ ಬೇಡವೇ ಎಂದು ಪ್ರತಿ ಕಂಪ್ಯೂಟರ್ ಪರೀಕ್ಷಿಸುತ್ತಲೇ ಇರುತ್ತದೆ, ಕನ್ಸೋಲ್‌ನಲ್ಲಿ ‘ನೀಡೆಡ್’ ಎಂಬ ಎಣಿಕೆ ಬರುವುದೇ ಅದರಿಂದ. ಕಂಪ್ಯೂಟರ್‌ಗಳ ಕಣ್ಣಿಂದ ಅಪ್‌ಡೇಟ್ ಮರೆಯಾಗುವುದು ‘ಡಿಕ್ಲೈನ್’ ಮಾಡಿದಾಗ ಮಾತ್ರ. ಡ್ರೈವರ್‌ಗಳನ್ನೂ ಸಿಂಕ್ ಮಾಡಿಕೊಳ್ಳುತ್ತಿದ್ದರೆ, ಸಂಸ್ಥೆಯಲ್ಲಿ ಇಲ್ಲವೇ ಇಲ್ಲದ ಪ್ರಾಡಕ್ಟ್‌ಗಳಿಗೂ ಟಿಕ್ ಹಾಕಿದ್ದರೆ, ಪಟ್ಟಿ ಹಲವು ಪಟ್ಟು ಬೆಳೆದಿರುತ್ತದೆ.

ಡಬ್ಲ್ಯುಸಸ್ ಜೊತೆಗೇ ಬರುವ ಸರ್ವರ್ ಕ್ಲೀನಪ್ ವಿಝಾರ್ಡ್ ಇದೆಯಲ್ಲ ಎನ್ನಬಹುದು. ಇದೆ, ಬಳಸಲೂ ಬೇಕು. ಆದರೆ ಅದು ಒಂದು ಸೂಪರ್‌ಸೀಡ್ ಆದ ಅಪ್‌ಡೇಟ್ ಅನ್ನು ಡಿಕ್ಲೈನ್ ಮಾಡಲು ವಿಧಿಸುವ ಷರತ್ತುಗಳನ್ನು ಗಮನಿಸಿ: 30 ದಿನ ಅಥವಾ ಹೆಚ್ಚು ಕಾಲದಿಂದ ಅದು ಅಪ್ರೂವ್ ಆಗಿರಬಾರದು, ಯಾವ ಕಂಪ್ಯೂಟರ್‌ಗೂ ಈಗ ಬೇಕಾಗಿರಬಾರದು, ಅದರ ಜಾಗಕ್ಕೆ ಬಂದ ಹೊಸದು ಅಪ್ರೂವ್ ಆಗಿರಬೇಕು. ಅನೇಕ ಕಡೆ ಎಲ್ಲ ಭದ್ರತಾ ಅಪ್‌ಡೇಟ್‌ಗಳನ್ನೂ ತಾನಾಗಿ ಅಪ್ರೂವ್ ಮಾಡುವ ನಿಯಮ ಹಾಕಿರುತ್ತಾರೆ. ಹಾಗೆ ಒಮ್ಮೆ ಅಪ್ರೂವ್ ಆದದ್ದು ಮೊದಲ ಷರತ್ತಿನಲ್ಲೇ ಉಳಿದುಕೊಂಡುಬಿಡುತ್ತದೆ. ಮೂಲೆಯಲ್ಲಿ ಯಾರೂ ಬಳಸದೆ ಬಿದ್ದಿರುವ, ವರ್ಷದಿಂದ ಅಪ್‌ಡೇಟ್ ಕಾಣದ ಒಂದೇ ಒಂದು ಕಂಪ್ಯೂಟರ್ ಎರಡನೇ ಷರತ್ತನ್ನು ಮುರಿಯಲು ಸಾಕು. ಹಾಗಾಗಿ ವಿಝಾರ್ಡ್ ನಿಷ್ಠೆಯಿಂದ ಓಡಿಸಿದ ಸರ್ವರ್‌ನಲ್ಲೂ ಹಳೆಯದು ರಾಶಿ ಬಿದ್ದಿರುತ್ತದೆ. ಇದರ ಮೇಲೆ ಇನ್ನೊಂದು ತೊಡಕು: ವಿಝಾರ್ಡ್ ಬೇಡವಾದ ಅಪ್‌ಡೇಟ್‌ಗಳನ್ನು ಡೇಟಾಬೇಸ್‌ನಿಂದ ಅಳಿಸುವುದು ಒಂದೊಂದಾಗಿ. ವರ್ಷಗಳ ನಂತರ ಮೊದಲ ಸಲ ಓಡಿಸಿದರೆ ಅದು ಗಂಟೆಗಟ್ಟಲೆ ಓಡಿ ಕನ್ಸೋಲ್ ಟೈಮ್‌ಔಟ್ ಆಗುತ್ತದೆ, ‘ರೀಸೆಟ್ ಸರ್ವರ್ ನೋಡ್’ ಎಂಬ ಬಟನ್ ಮಾತ್ರ ಉಳಿಯುತ್ತದೆ.

ಆದ್ದರಿಂದ ತೊಳೆಯುವ ಕೆಲಸಕ್ಕೂ ಕ್ರಮ ಬೇಕು. ಮೊದಲು ಸಸ್‌ಡಿಬಿಯ ಬ್ಯಾಕಪ್. ನಂತರ ಎಸ್‌ಕ್ಯೂಎಲ್ ಸರ್ವರ್ ಮ್ಯಾನೇಜ್‌ಮೆಂಟ್ ಸ್ಟುಡಿಯೋ ಬಳಸಿ ಡೇಟಾಬೇಸ್‌ಗೆ ಸಂಪರ್ಕಿಸಿ, ಮೈಕ್ರೋಸಾಫ್ಟ್ ಪ್ರಕಟಿಸಿರುವ ರೀಇಂಡೆಕ್ಸ್ ಸ್ಕ್ರಿಪ್ಟ್ ಓಡಿಸಿ. ಒಳಗಿನ ಡೇಟಾಬೇಸ್‌ಗಾದರೆ ಸರ್ವರ್ ಹೆಸರಿನ ಜಾಗದಲ್ಲಿ ಅದರ ನೇಮ್ಡ್ ಪೈಪ್ ವಿಳಾಸ ಕೊಡಬೇಕು. ಅಳಿಸುವ ಕೆಲಸ ವೇಗವಾಗಲು ಎರಡು ಹೆಚ್ಚುವರಿ ಇಂಡೆಕ್ಸ್‌ಗಳನ್ನು ಸೇರಿಸುವ ಸಲಹೆಯೂ ಅದೇ ಮಾರ್ಗದರ್ಶಿಯಲ್ಲಿದೆ, ಅವನ್ನೂ ಹಾಕಿಕೊಳ್ಳಿ. ಆಮೇಲೆ ಡಿಕ್ಲೈನ್. ಕನ್ಸೋಲ್‌ನ ಆಲ್ ಅಪ್‌ಡೇಟ್ಸ್ ನೋಟದಲ್ಲಿ ‘ಡಿಕ್ಲೈನ್ಡ್ ಬಿಟ್ಟು ಎಲ್ಲ’ ಎಂದು ಸೋಸಿ, ಕಾಲಂ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ ಸೂಪರ್‌ಸೀಡೆನ್ಸ್ ಕಾಲಂ ತೆರೆಯಿರಿ. ಅದರ ಗುರುತಿನಲ್ಲಿ ನೀಲಿ ಚೌಕ ಮೇಲಿದ್ದರೆ ಅದೇ ಹೊಸದು, ಬಿಡಿ. ನಡುವೆ ಅಥವಾ ಕೆಳಗಿದ್ದರೆ ಅದರ ಮೇಲೆ ಇನ್ನೊಂದು ಬಂದಿದೆ. ಕನ್ಸೋಲ್ ತೆರೆಯಲಾಗದಷ್ಟು ಸರ್ವರ್ ಬಳಲಿದ್ದರೆ ಪವರ್‌ಶೆಲ್ ಸ್ಕ್ರಿಪ್ಟ್‌ಗಳ ದಾರಿ ಇದೆ. ಇತ್ತೀಚಿನ ಇಷ್ಟು ದಿನಗಳಲ್ಲಿ ಸೂಪರ್‌ಸೀಡ್ ಆದದ್ದನ್ನು ಬಿಟ್ಟು ಉಳಿದದ್ದನ್ನು ಡಿಕ್ಲೈನ್ ಮಾಡು ಎಂದು ಅದಕ್ಕೆ ಹೇಳಬಹುದು. ಎರಡು ಮೂರು ತಿಂಗಳ ಅಂತರ ಇಡುವುದು ಒಳ್ಳೆಯದು. ಹೊಸದನ್ನು ನೀವಿನ್ನೂ ಅಪ್ರೂವ್ ಮಾಡದೆ ಹಳೆಯದನ್ನು ಡಿಕ್ಲೈನ್ ಮಾಡಿದರೆ ಕಂಪ್ಯೂಟರ್‌ಗಳಿಗೆ ಎರಡೂ ಸಿಗದ ಸ್ಥಿತಿ ಬರುತ್ತದೆ, ಅದು 503ಕ್ಕಿಂತ ಕೆಟ್ಟದ್ದು, ಏಕೆಂದರೆ ಎರರ್ ಕೂಡ ಕಾಣುವುದಿಲ್ಲ. ಡಿಕ್ಲೈನ್ ಆದ ಮೇಲೆ ವಿಝಾರ್ಡ್ ಓಡಿಸಿ ಅಳಿಸಿ, ಮತ್ತೊಮ್ಮೆ ರೀಇಂಡೆಕ್ಸ್. ಶಾಖೆಗಳಲ್ಲಿ ಕೆಳಹಂತದ ಡಬ್ಲ್ಯುಸಸ್ ಸರ್ವರ್‌ಗಳಿದ್ದರೆ ಅಳಿಸುವ ಕೆಲಸವನ್ನು ಕೆಳಗಿನಿಂದ ಮೇಲಕ್ಕೆ ಮಾಡಿ, ಆ ಹೊತ್ತಿನಲ್ಲಿ ಸಿಂಕ್ ನಡೆಯದಂತೆ ನೋಡಿಕೊಳ್ಳಿ.

ಇಷ್ಟೆಲ್ಲ ಏಕೆ, ಹಳೆಯದನ್ನು ಕಿತ್ತು ಹೊಸ ಸರ್ವರ್ ಕಟ್ಟಿದರಾಯಿತು ಎಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ. ಡೇಟಾಬೇಸ್ ಕೆಟ್ಟುಹೋಗಿದ್ದರೆ, ಕ್ಲೀನಪ್ ದಿನಗಟ್ಟಲೆ ಓಡಿಯೂ ಮುಗಿಯದಿದ್ದರೆ, ಹೊಸದನ್ನು ಕಟ್ಟುವುದೇ ವಿವೇಕ. ಅಪ್‌ಡೇಟ್ ಫೈಲ್‌ಗಳೂ ಮೆಟಾಡೇಟಾವೂ ಮೈಕ್ರೋಸಾಫ್ಟ್‌ನಿಂದ ಮತ್ತೆ ಬರುತ್ತವೆ. ಮತ್ತೆ ಬಾರದಿರುವುದು ನೀವು ಮಾಡಿದ ಅಪ್ರೂವಲ್‌ಗಳು, ಗುಂಪುಗಳ ವಿಂಗಡಣೆ, ವರದಿಗಳ ಇತಿಹಾಸ. ಆಡಿಟ್‌ಗೆ ಉತ್ತರಿಸಬೇಕಾದ ಬ್ಯಾಂಕಿಗೆ ಆ ಇತಿಹಾಸ ಬೇಕು. ಜೊತೆಗೆ ಹೊಸ ಸರ್ವರ್‌ಗೆ ಬಂದ ಪ್ರತಿ ಕಂಪ್ಯೂಟರ್ ಪೂರ್ಣ ಸ್ಕ್ಯಾನ್ ಮಾಡುತ್ತದೆ, ಮೊದಲ ವಾರದ ಒತ್ತಡ ಅತಿ ಹೆಚ್ಚು. ಅದೇ 1.8 ಗಿಗಾಬೈಟ್ ಮಿತಿಯೊಂದಿಗೆ, ಅದೇ ಪ್ರಾಡಕ್ಟ್‌ಗಳಿಗೆ ಟಿಕ್ ಹಾಕಿ ಕಟ್ಟಿದ ಹೊಸ ಸರ್ವರ್ ಎರಡು ವರ್ಷದಲ್ಲಿ ಹಳೆಯದರ ಸ್ಥಿತಿಗೇ ಬರುತ್ತದೆ.

ಇನ್ನೂ ಮೂಲಭೂತವಾದ ಆಕ್ಷೇಪ ಒಂದಿದೆ. 2024ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಡಬ್ಲ್ಯುಸಸ್ ಅನ್ನು ‘ಡೆಪ್ರಿಕೇಟೆಡ್’ ಪಟ್ಟಿಗೆ ಸೇರಿಸಿತು, ಹೊಸ ಸೌಲಭ್ಯಗಳು ಬರುವುದಿಲ್ಲ ಎಂದಿತು. ಸಾಯುತ್ತಿರುವ ಸಾಧನಕ್ಕೆ ಏಕೆ ಇಷ್ಟು ಶ್ರಮ? ಹತ್ತು ಹದಿನೈದು ಕಂಪ್ಯೂಟರ್‌ಗಳ ಕಚೇರಿಯಾದರೆ ಈ ಆಕ್ಷೇಪವನ್ನು ಪೂರ್ತಿ ಒಪ್ಪಿಕೊಳ್ಳಬೇಕು. ಅವು ನೇರವಾಗಿ ಮೈಕ್ರೋಸಾಫ್ಟ್‌ನಿಂದಲೇ ಪಡೆಯಲಿ, ಡೆಲಿವರಿ ಆಪ್ಟಿಮೈಸೇಶನ್ ಇಟ್ಟರೆ ಒಂದು ತಂದದ್ದನ್ನು ಇನ್ನೊಂದು ಹಂಚಿಕೊಳ್ಳುತ್ತದೆ. ದೊಡ್ಡ ಸಂಸ್ಥೆಗೆ ಇಂಟ್ಯೂನ್‌ನಂಥ ಹೊಸ ದಾರಿಗಳಿವೆ, ಅವಕ್ಕೆ ಲೈಸೆನ್ಸ್ ವೆಚ್ಚವೂ ಇದೆ. ಆದರೆ ಡಬ್ಲ್ಯುಸಸ್ ವಿಂಡೋಸ್ ಸರ್ವರ್ 2025ರಲ್ಲೂ ಇದೆ, ಅದಕ್ಕೆ ಬೆಂಬಲ ಮುಂದುವರಿಯುತ್ತದೆ. ಇಂಟರ್ನೆಟ್ ಸಂಪರ್ಕವನ್ನೇ ಕೊಡದ ಕಾರ್ಖಾನೆಯ ನಿಯಂತ್ರಣ ಕಂಪ್ಯೂಟರ್‌ಗಳು, ಪ್ರಯೋಗಾಲಯಗಳು ಕ್ಲೌಡ್‌ಗೆ ಹೋಗಲಾರವು. 150 ಕಂಪ್ಯೂಟರ್‌ಗಳ ಲ್ಯಾಬ್‌ನಲ್ಲಿ ಒಂದೊಂದೂ ತಿಂಗಳಿಗೆ 500 ಮೆಗಾಬೈಟ್ ಎಳೆಯುತ್ತದೆ ಎಂದಿಟ್ಟುಕೊಂಡರೂ 75 ಗಿಗಾಬೈಟ್ ಆಯಿತು. ತಾಲ್ಲೂಕು ಕೇಂದ್ರದ ಕಾಲೇಜಿನ ಲೈನ್‌ಗೆ ಅದು ಸಣ್ಣ ಮಾತಲ್ಲ. ಬೇರೆ ದಾರಿಗೆ ಹೋಗುವ ಯೋಜನೆ ಇದ್ದರೂ ಹೋಗುವವರೆಗೆ ಈ ಸರ್ವರ್ ಕೆಲಸ ಮಾಡಲೇಬೇಕು. ಮಾರ್ಚ್ 14, 2017ರಂದು ಬಿಡುಗಡೆಯಾಗಿದ್ದ ಒಂದು ಅಪ್‌ಡೇಟ್ ಹಾಕಿಕೊಳ್ಳದ ಯಂತ್ರಗಳ ಮೂಲಕವೇ ಅದೇ ವರ್ಷ ಮೇ 12ರಂದು ವಾನಾಕ್ರೈ ಹರಡಿ, ಬ್ರಿಟನ್ನಿನ ಆಸ್ಪತ್ರೆಗಳ ಕೆಲಸ ನಿಂತಿತು. 503 ಕೊಡುತ್ತಿರುವ ಅಪ್‌ಡೇಟ್ ಸರ್ವರ್‌ನ ಹಿಂದಿರುವ ಕಂಪ್ಯೂಟರ್‌ಗಳೆಲ್ಲ ಅಂಥದೇ ಅಂತರದಲ್ಲಿ ಕುಳಿತಿರುತ್ತವೆ, ಬಳಕೆದಾರರಿಗೆ ಏನೂ ಗೊತ್ತಾಗದಂತೆ.

ಭದ್ರತೆಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. 2025ರ ಅಕ್ಟೋಬರ್‌ನಲ್ಲಿ ಡಬ್ಲ್ಯುಸಸ್‌ನಲ್ಲೇ ಒಂದು ಗಂಭೀರ ದೋಷ, ಸಿವಿಇ-2025-59287, ಬಯಲಾಯಿತು. ಲಾಗಿನ್ ಇಲ್ಲದೆಯೇ ದೂರದಿಂದ ಸರ್ವರ್ ಮೇಲೆ ತಮ್ಮ ಕೋಡ್ ಓಡಿಸಲು ದಾಳಿಕೋರರಿಗೆ ಅದು ಅವಕಾಶ ಕೊಡುತ್ತಿತ್ತು, ದಾಳಿಗಳೂ ನಡೆದವು, ಅಕ್ಟೋಬರ್ 23ರಂದು ಮೈಕ್ರೋಸಾಫ್ಟ್ ತುರ್ತು ಅಪ್‌ಡೇಟ್ ಕೊಟ್ಟಿತು. ಆದ್ದರಿಂದ 503ರ ತನಿಖೆಯಲ್ಲಿ ಈ ಅಪ್‌ಡೇಟ್ ಬಿದ್ದಿದೆಯೇ, 8530 ಮತ್ತು 8531 ಹೊರಗಿನ ಇಂಟರ್ನೆಟ್‌ಗೆ ತೆರೆದಿಲ್ಲವೇ ಎಂಬುದನ್ನು ಸೇರಿಸಿಕೊಳ್ಳಿ. ಪೂಲ್ ಕುಸಿದ ಹೊತ್ತಿಗೆ ಐಐಎಸ್‌ನ ವರ್ಕರ್ ಪ್ರೋಸೆಸ್ ಅಥವಾ ಡಬ್ಲ್ಯುಸಸ್ ಸರ್ವೀಸ್‌ನ ಕೆಳಗೆ ಕಮಾಂಡ್ ಪ್ರಾಂಪ್ಟ್, ಪವರ್‌ಶೆಲ್ ಹುಟ್ಟಿದ ದಾಖಲೆ ಇದ್ದರೆ ಮೆಮೊರಿಯ ಮಾತು ಬದಿಗಿಟ್ಟು ಯಂತ್ರವನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸಿ. ಆ ತುರ್ತು ಅಪ್‌ಡೇಟ್ ಹಾಕಿದ ನಂತರ ಕನ್ಸೋಲ್‌ನಲ್ಲಿ ಸಿಂಕ್ ಎರರ್‌ನ ವಿವರಗಳು ಕಾಣುವುದಿಲ್ಲ. ಅದು ಹೊಸ ದೋಷವಲ್ಲ, ಬೇಕೆಂದೇ ತೆಗೆದದ್ದು. ವಿವರಕ್ಕೆ ಅಪ್‌ಡೇಟ್ ಸರ್ವೀಸಸ್ ಫೋಲ್ಡರ್‌ನೊಳಗಿನ ಲಾಗ್ ಫೈಲ್ ನೋಡಬೇಕು.

ಪಟ್ಟಿ ತೊಳೆದ ಮೇಲೆ ಸಿಂಕ್ ಸಮಯವನ್ನು ಬುಧವಾರ ನಸುಕಿನ 2 ಗಂಟೆಯ ಸುಮಾರಿಗೆ ಇಡಿ. ಬಿಡುಗಡೆ ಆಗ ಮುಗಿದಿರುತ್ತದೆ, ಕಚೇರಿ ತೆರೆಯಲು ಇನ್ನೂ ಹೊತ್ತಿರುತ್ತದೆ. ಸಿಂಕ್ ಆದ ಮೇಲೆ ಪ್ರತಿ ಬಗೆಯ ವಿಂಡೋಸ್‌ನ ಒಂದೊಂದು ಕಂಪ್ಯೂಟರ್‌ನಿಂದ ನಸುಕಿನಲ್ಲೇ ಸ್ಕ್ಯಾನ್ ಮಾಡಿಸಿದರೆ, ಉಳಿದವು ಬರುವಷ್ಟರಲ್ಲಿ ಸಂಗ್ರಹ ತಯಾರಿರುತ್ತದೆ. ಪರ್ಫಾರ್ಮೆನ್ಸ್ ಮಾನಿಟರ್‌ನಲ್ಲಿ ಡಬ್ಲ್ಯುಸಸ್‌ಪೂಲ್‌ನ ವರ್ಕರ್ ಪ್ರೋಸೆಸ್‌ನ ‘ಪ್ರೈವೇಟ್ ಬೈಟ್ಸ್’ ಎಣಿಕೆಯನ್ನು ಮಂಗಳವಾರ ರಾತ್ರಿಯಿಂದ ಶುಕ್ರವಾರದವರೆಗೆ ದಾಖಲಿಸಿ. ಅದು ಬುಧವಾರ ಏರಿ ಒಂದು ಮಟ್ಟದಲ್ಲಿ ನಿಂತರೆ, ಅದೇ ನಿಮ್ಮ ಸರ್ವರ್‌ಗೆ ನಿಜವಾಗಿ ಬೇಕಾದ ಮೆಮೊರಿ. ಮಿತಿಯನ್ನು ಅದಕ್ಕಿಂತ ಸ್ವಲ್ಪ ಮೇಲಿಡಿ. ನಿಲ್ಲದೆ ಏರುತ್ತಲೇ ಇದ್ದರೆ, ಎಚ್‌ಟಿಟಿಪಿಇಆರ್‌ಆರ್‌ನಲ್ಲಿ ‘ಕ್ಯೂಫುಲ್’ ಮತ್ತೆ ಕಂಡರೆ, ಡಿಕ್ಲೈನ್ ಆಗದೆ ಉಳಿದ ಅಪ್‌ಡೇಟ್‌ಗಳ ಸಂಖ್ಯೆಯನ್ನು ಪ್ರಾಡಕ್ಟ್‌ವಾರು ಎಣಿಸಿ, ಅತಿ ಹೆಚ್ಚು ಇರುವ ಪ್ರಾಡಕ್ಟ್ ಸಂಸ್ಥೆಯಲ್ಲಿ ಯಾರ ಕಂಪ್ಯೂಟರ್‌ನಲ್ಲಿದೆ ಎಂದು ವಿಚಾರಿಸಿ.